ಪುಣೆಯಲ್ಲಿ ಮನೆಮಂದಿಯೇ ಸೇರಿ ಡ್ರ್ಯಾಗ್ ರೇಸ್ ತಂಡ ಕಟ್ಟುವುದು ಹೇಗೆ?

ಎರಡು ವಾಹನಗಳು ನಿಂತಲ್ಲಿಂದ ಹೊರಟು, ನೇರ ದಾರಿಯಲ್ಲಿ ಮೊದಲು ಗುರಿ ಮುಟ್ಟಲು ಸೆಣಸುವ ಓಟವೇ ಡ್ರ್ಯಾಗ್ ರೇಸ್. ಅಮೆರಿಕದ ಜಾನ್ ಫೋರ್ಸ್ ಇದರ ಫನ್ನಿ ಕಾರ್ (ಕಾರಿನಾಕಾರದ ಹೊದಿಕೆಯ ಓಟದ ವಾಹನ) ವಿಭಾಗದಲ್ಲಿ 16 ಬಾರಿ ಚಾಂಪಿಯನ್ ಆದವರು. ಅವರ ಮಗಳು ಬ್ರಿಟನಿ 2017 ಮತ್ತು 2022ರಲ್ಲಿ ಟಾಪ್ ಫ್ಯೂಯೆಲ್ (ಉದ್ದನೆಯ, ಅತಿವೇಗದ ಓಟದ ವಾಹನಗಳ ವಿಭಾಗ) ಪ್ರಶಸ್ತಿ ಗೆದ್ದದ್ದು ಅದೇ ಕುಟುಂಬದ ತಂಡದಿಂದ. ಪಿಂಪ್ರಿ-ಚಿಂಚವಾಡದ ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮ ಕನ್ನಡ ಮನೆಗಳಲ್ಲಿಯೂ ಲೇತ್, ವೆಲ್ಡಿಂಗ್ ಬಲ್ಲವರು ಇರುವುದರಿಂದ, ಸಣ್ಣ ಪ್ರಮಾಣದಲ್ಲಿ ಇಂಥ ತಂಡ ಕಟ್ಟುವುದು ಅಸಾಧ್ಯವೇನಲ್ಲ.

ಮೊದಲು ಕೆಲಸ ಹಂಚಿಕೊಳ್ಳಿರಿ. ಒಬ್ಬರು ವಾಹನ ಓಡಿಸಲಿ, ಒಬ್ಬರು ಎಂಜಿನ್ ನೋಡಿಕೊಳ್ಳಲಿ, ಮತ್ತೊಬ್ಬರು ಟೈರಿನ ಗಾಳಿಯ ಒತ್ತಡವನ್ನೂ ಪ್ರತಿ ಓಟದ ಸಮಯವನ್ನೂ ಪುಸ್ತಕದಲ್ಲಿ ಬರೆದಿಡಲಿ. ಚಾಲಕನೇ ತಂಡದ ಯಜಮಾನನೂ ಆಗುವುದು ಬೇಡ. ಅಪ್ಪನ ತಪ್ಪನ್ನು ಮಗ ಮುಲಾಜಿಲ್ಲದೆ ಹೇಳುವಂತಿರಬೇಕು.

ಸಾಂಪ್ರದಾಯಿಕ ಓಟದ ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಇಲ್ಲಿ ಹೊಸಬರು ಎಡವುವುದು ಒಂದು ಸೂಕ್ಷ್ಮದಲ್ಲಿ: ಗಡಿಯಾರ ಓಡತೊಡಗುವುದು ಹಸಿರು ದೀಪ ಹೊತ್ತಿದಾಗಲ್ಲ, ಮುಂಚಕ್ರ ಆರಂಭರೇಖೆಯ ಬೆಳಕಿನ ಕಿರಣವನ್ನು ದಾಟಿದಾಗ. ಹೀಗಾಗಿ ಓಟದ ಸಮಯ ಕಡಿಮೆಯಿದ್ದರೂ, ದೀಪ ನೋಡಿ ಹೊರಡುವುದರಲ್ಲಿ ತಡಮಾಡಿದವರು ಎದುರಾಳಿಗಿಂತ ನಂತರ ಗುರಿ ಮುಟ್ಟಬಹುದು. ಆದ್ದರಿಂದ ಓಟದ ಸಮಯ, ಹೊರಡಲು ಹಿಡಿದ ಸಮಯ ಈ ಎರಡು ಅಂಕಿಗಳನ್ನು ಬೇರೆಬೇರೆಯಾಗಿಯೇ ಬರೆದುಕೊಂಡು, ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ. ಟೈರಿನ ಒತ್ತಡ, ಕ್ಲಚ್ ಬಿಡುವ ವೇಗ ಎರಡನ್ನೂ ಒಟ್ಟಿಗೆ ಬದಲಿಸಿದರೆ ಲಾಭ ಯಾವುದರಿಂದ ಬಂತೆಂದು ತಿಳಿಯದು.

ಅಭ್ಯಾಸಕ್ಕೆ ರಾತ್ರಿಯ ಎಕ್ಸ್‌ಪ್ರೆಸ್‌ವೇ ಖಂಡಿತ ಬೇಡ. ಲೋಣಾವಳದ ಸಮೀಪದ ಆಂಬಿ ವ್ಯಾಲಿ ವಿಮಾನಪಟ್ಟಿಯಲ್ಲಿ ನಡೆದಂಥ ಅಧಿಕೃತ ಸ್ಪರ್ಧೆಗಳಿಗೆ ಕಾದು, ಪರವಾನಗಿ ಮತ್ತು ಹೆಲ್ಮೆಟ್ಟಿನ ನಿಯಮಗಳನ್ನು ಮೊದಲೇ ಓದಿಕೊಂಡು ಹೋಗಿರಿ.