ಹೆದೆ ಎಳೆಯುವ ಎರಡು ಸೆಕೆಂಡು

ನೆಲದ ಮೇಲೆ ಕುಳಿತು, ಹಳೆಯ ಬಗೆಯ ಬಿಲ್ಲಿನಿಂದ ಜಿಂಕೆ ಹೊಡೆಯಲು ಹೊರಟವನಿಗೆ ಬಾಣ ಬಿಡುವುದು ಕಷ್ಟದ ಕೆಲಸವಲ್ಲ. ಹೆದೆ ಎಳೆಯುವುದು ಕಷ್ಟ. ಇದು ನನಗೆ ಅರ್ಥವಾಗಲು ಮೂರು ವರ್ಷ ಹಿಡಿಯಿತು. ನಾಲ್ಕನೆಯ ವರ್ಷ ಮಾಡಿದ್ದೆಲ್ಲವೂ ಆ ಒಂದು ತಿಳಿವಳಿಕೆಯ ಸುತ್ತ ಕಟ್ಟಿದ್ದು.

ನನ್ನ ಊರು ತೀರ್ಥಹಳ್ಳಿಯ ಕಡೆ. ಅಜ್ಜಯ್ಯನ ಕೇಪಿನ ಕೋವಿಯ ಕತೆಗಳನ್ನೂ, ಹಣ್ಣು ಉದುರುವ ಮರದ ಬಳಿ ಇರುಳಿಡೀ ಮರಸು, ಅಂದರೆ ಹೊಂಚು, ಕೂರುತ್ತಿದ್ದವರ ಕತೆಗಳನ್ನೂ ಕೇಳುತ್ತ ಬೆಳೆದೆನಾದರೂ, ನಾನು ಹುಟ್ಟುವ ಮೊದಲೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ, ನಮ್ಮಲ್ಲಿ ಶಿಕಾರಿಯ ಕಾಲ ಮುಗಿದಿತ್ತು. ಕೆಲಸಕ್ಕೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಬಂದ ಮೇಲೆ, ಇಲ್ಲಿ ಬಿಳಿಬಾಲದ ಜಿಂಕೆಯ ಬೇಟೆ ಕಾನೂನುಬದ್ಧವಷ್ಟೇ ಅಲ್ಲ, ಜಿಂಕೆಗಳ ಸಂಖ್ಯೆಯನ್ನು ಹತೋಟಿಯಲ್ಲಿಡಲು ಸರ್ಕಾರವೇ ನೆಚ್ಚಿಕೊಂಡಿರುವ ದಾರಿ ಎಂಬುದು ತಿಳಿಯಿತು. ಬಿಲ್ಲಿನ ಋತು ಸೆಪ್ಟೆಂಬರ್ ಮಧ್ಯದಲ್ಲಿ ಆರಂಭವಾಗಿ ಜನವರಿಯ ಮೊದಲ ದಿನಗಳವರೆಗೆ ನಡೆಯುತ್ತದೆ. 1973ರಲ್ಲಿ ಇಲ್ಲವೇ ಅದರ ನಂತರ ಹುಟ್ಟಿದವರು ಪರವಾನಗಿ ಪಡೆಯಲು ತರಬೇತಿಯ ಪ್ರಮಾಣಪತ್ರ ತೋರಿಸಬೇಕಾದ್ದರಿಂದ, ಹನ್ನೆರಡು ವರ್ಷದ ಮಕ್ಕಳ ನಡುವೆ ಬೆಂಚಿನ ಮೇಲೆ ಕುಳಿತು ಪರೀಕ್ಷೆ ಬರೆದೆ.

ಇಲ್ಲಿನ ಬಿಲ್ಲುಬೇಟೆಗಾರರಲ್ಲಿ ಹೆಚ್ಚಿನವರು ಬಳಸುವುದು ಗಾಲಿಗಳಿರುವ ಕಾಂಪೌಂಡ್ ಬಿಲ್ಲನ್ನು, ಇಲ್ಲವೇ ಕೋವಿಯಂತೆ ಹಿಡಿದು ಬಿಡುವ ಅಡ್ಡಬಿಲ್ಲಾದ ಕ್ರಾಸ್‌ಬೋವನ್ನು. ಕಾಂಪೌಂಡ್ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಅದರ ಭಾರದ ಮುಕ್ಕಾಲು ಪಾಲನ್ನು ಗಾಲಿಗಳೇ ಹೊತ್ತುಕೊಳ್ಳುತ್ತವೆ. ಆದ್ದರಿಂದ ಜಿಂಕೆ ಇನ್ನೂ ದೂರದಲ್ಲಿರುವಾಗಲೇ ಎಳೆದು, ಅರ್ಧ ನಿಮಿಷ, ಒಂದು ನಿಮಿಷ ಹಾಗೆಯೇ ಕಾಯಬಹುದು. ನಾನು ಆರಿಸಿಕೊಂಡ, ಗಾಲಿಗಳಿಲ್ಲದ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನಲ್ಲಿ ಆ ಸವಲತ್ತಿಲ್ಲ. ನನ್ನ ಬಿಲ್ಲು 58 ಇಂಚು ಉದ್ದದ್ದು. ಅದರ ಹೆದೆಯನ್ನು ನನ್ನ ಅಳತೆಗೆ, ಅಂದರೆ 27 ಇಂಚು, ಎಳೆದು ಹಿಡಿಯಲು 42 ಪೌಂಡಿನಷ್ಟು ಬಲ ಬೇಕು. ಈ ರಾಜ್ಯದಲ್ಲಿ ಜಿಂಕೆಗೆ ಕಾನೂನು ಕೇಳುವ ಕನಿಷ್ಠ ಭಾರ 30 ಪೌಂಡು. ಆ 42 ಪೌಂಡೂ ಎಳೆದಷ್ಟು ಹೊತ್ತು ಮೂರು ಬೆರಳುಗಳ ಮೇಲೆಯೇ ಇರುತ್ತದೆ, ಮೂರು ಸೆಕೆಂಡು ದಾಟಿದರೆ ನನ್ನ ಭುಜ ನಡುಗತೊಡಗುತ್ತದೆ. ಮರದ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲಿ ಕುಳಿತವನಾದರೆ ಜಿಂಕೆಯ ದೃಷ್ಟಿಗಿಂತ ಮೇಲಿರುತ್ತಾನೆ. ನೆಲದ ಮೇಲೆ ಕುಳಿತವನ ಮೊಣಕೈ ಮಾತ್ರ ಜಿಂಕೆಯ ಕಣ್ಣಿನ ಮಟ್ಟದಲ್ಲಿಯೇ ಹಿಂದಕ್ಕೆ ಸರಿಯುತ್ತದೆ, ಅದೂ ಹತ್ತು ಹನ್ನೆರಡು ಗಜ ದೂರದಲ್ಲಿ.

ಹಾಗಾದರೆ ಇದನ್ನೇ ಏಕೆ ಆರಿಸಿಕೊಂಡೆ ಎಂದು ಗೆಳೆಯರು ಕೇಳುವುದುಂಟು. ಎತ್ತರ ಏರಲು ನನಗೆ ಹೆದರಿಕೆ ಎಂಬುದು ಪ್ರಾಮಾಣಿಕ ಉತ್ತರದ ಅರ್ಧ ಭಾಗ. ಇನ್ನರ್ಧವನ್ನು ಈ ನೆಲದ ಚರಿತ್ರೆ ಕೊಟ್ಟಿತು. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಬಳಿ ಕಾಡಿನಿಂದ ಒಂಟಿಯಾಗಿ ಹೊರಬಂದ ಯಾಹಿ ಜನಾಂಗದ ಇಶಿ, ತನಗೆ ಚಿಕಿತ್ಸೆ ನೀಡುತ್ತಿದ್ದ ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯನಿಗೆ ಬಿಲ್ವಿದ್ಯೆ ಕಲಿಸಿದ. ಅಮೆರಿಕದ ಇಂದಿನ ಬಿಲ್ಲುಬೇಟೆಯ ಬೇರು ಬಹುಮಟ್ಟಿಗೆ ಅಲ್ಲಿದೆ. ಇಶಿ ಬಾಣ ಬಿಡುತ್ತಿದ್ದುದು ಕುಕ್ಕರುಗಾಲಿನಲ್ಲಿ ತಗ್ಗಿ ಕುಳಿತು. ನಾನು ಬೇಟೆಯಾಡುವ ಸಾಕ್ ಕೌಂಟಿ 1934ರಲ್ಲಿ ವಿಸ್ಕಾನ್ಸಿನ್ನಿನ ಮೊದಲ ಬಿಲ್ಲಿನ ಋತು ನಡೆದ ಎರಡು ಕೌಂಟಿಗಳಲ್ಲಿ ಒಂದು. ನಿಸರ್ಗಚಿಂತಕ ಆಲ್ಡೋ ಲಿಯೊಪೋಲ್ಡ್ ಬಿಲ್ಲುಗಳನ್ನು ತಾನೇ ಕೆತ್ತಿ ಮಾಡಿಕೊಳ್ಳುತ್ತಿದ್ದವನು. ಅವನ ಗುಡಿಸಲು ಕೂಡ ಇದೇ ಕೌಂಟಿಯಲ್ಲಿದೆ.

ಮೊದಲ ವರ್ಷ ಅಕ್ಟೋಬರಿನ ಒಂದು ಬೆಳಗ್ಗೆ ಒಂಬತ್ತು ಗಜ ದೂರಕ್ಕೆ ಹೆಣ್ಣು ಜಿಂಕೆಯೊಂದು ಬಂದು ನಿಂತಿತು. ನಾನು ಅಗಲವಾದ ಮರಕ್ಕೆ ಬೆನ್ನು ಕೊಟ್ಟು, ಒಣಗಿದ ರೆಂಬೆಗಳನ್ನು ಮುಂದೆ ಅಡ್ಡ ಇಟ್ಟುಕೊಂಡು, ಪುಸ್ತಕದಲ್ಲಿ ಹೇಳಿದಂತೆಯೇ ಕುಳಿತಿದ್ದೆ. ಹೆದೆ ನಾಲ್ಕು ಇಂಚು ಹಿಂದೆ ಸರಿದಿತ್ತೋ ಇಲ್ಲವೋ, ಅದರ ತಲೆ ನೆಟ್ಟಗಾಯಿತು. ಮುಂಗಾಲಿನಿಂದ ಒಮ್ಮೆ ನೆಲ ಒದ್ದು, ಜೋರಾಗಿ ಸೀನಿದಂತೆ ಸದ್ದು ಮಾಡಿ, ಬಾಲವನ್ನು ಬಿಳಿ ಬಾವುಟದಂತೆ ಎತ್ತಿ ಓಡಿಹೋಯಿತು. ಎರಡನೆಯ ವರ್ಷ ಎಳೆಯುವ ಗಳಿಗೆ ಸರಿಯಾಗಿ ಒದಗಿತಾದರೂ, ಬಿಲ್ಲಿನ ಕೆಳತುದಿ ನಾನು ಕುಳಿತ ಮಣೆಯ ಕಾಲಿಗೆ ಬಡಿದು ಬಾಣ ಎಲ್ಲಿಗೋ ಹಾರಿತು. ಮನೆಯ ಹಿತ್ತಲಿನಲ್ಲಿ ಎರಡು ವರ್ಷ ನಿಂತುಕೊಂಡೇ ಅಭ್ಯಾಸ ಮಾಡಿದ್ದ ನನಗೆ, ಕಾಡಿನಲ್ಲಿ ಕುಳಿತು ಹೊಡೆಯಬೇಕೆಂಬುದು ಹೊಳೆಯದೆ ಹೋದದ್ದು ಈಗಲೂ ನಗು ಬರಿಸುತ್ತದೆ.

ಮೂರನೆಯ ವರ್ಷದ್ದು ನಗುವ ಸಂಗತಿಯಲ್ಲ. ಹದಿನೆಂಟು ಗಜ ದೂರದಲ್ಲಿ ಎಳೆಗೊಂಬಿನ ಗಂಡೊಂದು ನಿಂತಾಗ, ಭುಜ ನಡುಗುವ ಮೊದಲೇ ಮುಗಿಸಬೇಕೆಂಬ ಆತುರದಲ್ಲಿ ಬಾಣ ಬಿಟ್ಟೆ. ನನ್ನ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋಗುತ್ತದೆ. ಹೆದೆಯ ಸದ್ದು ಅದರ ಆರೂವರೆ ಪಟ್ಟು ವೇಗದಲ್ಲಿ ಜಿಂಕೆಯ ಕಿವಿ ಮುಟ್ಟುತ್ತದೆ. ಸದ್ದು ಕೇಳಿದ ಜಿಂಕೆ ನೆಗೆಯಲು ಕಾಲು ಮಡಚಿ ಮೈ ತಗ್ಗಿಸುತ್ತ ಮುಂದಕ್ಕೆ ಸರಿದಿದ್ದರಿಂದ ಬಾಣ ಹೊಟ್ಟೆಗೆ ತಗುಲಿತು. ಸಿಕ್ಕ ಬಾಣದ ಮೇಲೆ ಹಸಿರು ಲೋಳೆಯಿತ್ತು, ನಾರುತ್ತಿತ್ತು. ಹೊಟ್ಟೆಗೆ ಬಿದ್ದ ಪ್ರಾಣಿಯನ್ನು ಎಂಟು ಹತ್ತು ಗಂಟೆ ಮುಟ್ಟದೆ ಬಿಡಬೇಕು, ಬಿಟ್ಟರೆ ಹತ್ತಿರದಲ್ಲಿಯೇ ಮಲಗಿ ಸಾಯುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಒಂದೇ ಗಂಟೆಗೆ ಹುಡುಕಲು ಹೊರಟೆ. ಮಲಗಿದ್ದ ಜಿಂಕೆ ನನ್ನ ಕಾಲಿನ ಸದ್ದಿಗೆ ಎದ್ದು ಹೋಯಿತು, ರಾತ್ರಿ ಮಳೆ ಬಂದು ರಕ್ತದ ಜಾಡು ತೊಳೆದುಹೋಯಿತು, ಮರುದಿನವಿಡೀ ಹುಡುಕಿದರೂ ಅದು ಸಿಗಲಿಲ್ಲ. ಆ ವರ್ಷ ಮತ್ತೆ ಬಿಲ್ಲು ಮುಟ್ಟಲಿಲ್ಲ.

ಆ ಚಳಿಗಾಲ ಮೂರು ವರ್ಷಗಳ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ನೋಡಿದಾಗ, ಬಿಲ್ಲು ಮಣೆಗೆ ಬಡಿದ ಸಲವನ್ನು ಬಿಟ್ಟರೆ ತಪ್ಪು ಒಂದೇ ಕಡೆ ಆಗಿದ್ದುದು ಕಾಣಿಸಿತು. ಜಿಂಕೆ ಬರುವ ದಾರಿಯನ್ನು ನೋಡಿಕೊಂಡು ಜಾಗ ಆರಿಸಿದ್ದೆನೇ ಹೊರತು, ಜಿಂಕೆಯ ಕಣ್ಣು ಎರಡು ಸೆಕೆಂಡು ಎಲ್ಲಿ ಮರೆಯಾಗುತ್ತದೆ ಎಂಬುದನ್ನು ನೋಡಿರಲಿಲ್ಲ. ಬೆನ್ನ ಹಿಂದಿನ ಮರ ಆಕಾರವನ್ನು ಮುಚ್ಚುತ್ತದೆ, ಚಲನೆಯನ್ನು ಮುಚ್ಚುವುದಿಲ್ಲ. ಚಲನೆಯನ್ನು ಮುಚ್ಚಬೇಕಾದರೆ ಜಿಂಕೆಗೂ ನನಗೂ ನಡುವೆ ದಪ್ಪನೆಯ ಬೊಡ್ಡೆಯೊಂದಿರಬೇಕು, ಅದು ಆ ಬೊಡ್ಡೆಯ ಹಿಂದಿನಿಂದ ಹೊರಬರುವ ತಾಣ ನನ್ನ ಬಾಣದ ದಾರಿಯಾಗಿರಬೇಕು. ಮಾರ್ಚ್ ತಿಂಗಳಲ್ಲಿ, ಎಲೆ ಇಲ್ಲದ ಕಾಡಿನಲ್ಲಿ ಹಳೆಯ ಜಾಡುಗಳು ಗೆರೆ ಎಳೆದಂತೆ ಕಾಣುತ್ತವೆ. ಆಗಲೇ ಹೋಗಿ ಅಂಥ ಜಾಗ ಹುಡುಕಿದೆ. ಕೆಳ ವಿಸ್ಕಾನ್ಸಿನ್ ನದಿಯ ದಂಡೆಯುದ್ದಕ್ಕೂ ಇರುವ ಸಾರ್ವಜನಿಕ ಭೂಮಿಯಲ್ಲಿ, ಗುಡ್ಡದ ಮಧ್ಯದ ಸಮತಟ್ಟಿನಲ್ಲಿ, ಬಿಳಿ ಓಕ್ ಮರಗಳ ಗುಂಪೊಂದಿತ್ತು. ಬಿಳಿ ಓಕಿನ ಕಾಯಿ ಕೆಂಪು ಓಕಿನಷ್ಟು ಒಗರಿಲ್ಲದ್ದರಿಂದ ಜಿಂಕೆಗಳು ಅದನ್ನೇ ಮೊದಲು ಹುಡುಕಿಕೊಂಡು ಬರುತ್ತವೆ. ಅಜ್ಜಯ್ಯನ ಕಾಲದವರು ಹಣ್ಣಿನ ಮರ ನೋಡಿ ಮರಸು ಕೂರುತ್ತಿದ್ದ ಲೆಕ್ಕವೇ ಇದು. ಜಾಡಿಗೆ ಹನ್ನೆರಡು ಗಜ ದೂರದಲ್ಲಿ ಬುಡಮೇಲಾಗಿ ಬಿದ್ದ ಮರದ ಬೇರಿನ ಗೋಡೆ, ಅದರ ಮುಂದೆ ಜೋಡಿಯಾಗಿ ಬೆಳೆದ ಎರಡು ಬೊಡ್ಡೆ. ನಾನು ಸ್ವತಃ ಜಾಡಿನ ಮೇಲೆ ಜಿಂಕೆಯ ಎತ್ತರಕ್ಕೆ ಬಗ್ಗಿ ನಡೆದು, ಎಷ್ಟು ಹೆಜ್ಜೆಯವರೆಗೆ ನನ್ನ ಮಣೆ ಕಾಣುವುದಿಲ್ಲವೆಂದು ಎಣಿಸಿದೆ. ಮೂರು ಹೆಜ್ಜೆ. ನೋಡಿದವರು ಏನೆಂದುಕೊಳ್ಳುತ್ತಿದ್ದರೋ, ಪುಣ್ಯಕ್ಕೆ ಯಾರೂ ಇರಲಿಲ್ಲ.

ಗಾಳಿಯ ವಿಷಯದಲ್ಲಿ ರಾಜಿಯಿಲ್ಲ. ಮೋಡವಿಲ್ಲದ ಸಂಜೆ ಗುಡ್ಡದ ಗಾಳಿ ತಣಿದು ಕಣಿವೆಗೆ ಇಳಿಯುತ್ತದೆ, ಬೆಳಗಿನ ಬಿಸಿಲಿಗೆ ಮೇಲೇರುತ್ತದೆ. ಜಿಂಕೆಗಳು ಸಂಜೆ ಮೇಲಿನಿಂದ ಇಳಿದು ಬರುವುದರಿಂದ, ನನ್ನ ವಾಸನೆ ಅವು ಇನ್ನೂ ತಲುಪದ ಕೆಳಕಣಿವೆಗೆ ಹರಿದುಹೋಗಬೇಕು. ಅವು ನನ್ನನ್ನು ದಾಟಿ ಕೆಳಗೆ ಹೋದರೆ ಆಟ ಮುಗಿಯಿತು. ಗಾಳಿ ನೋಡಲು ಅಂಗಡಿಯ ಪುಡಿಗಿಂತ ಇಲ್ಲಿನ ಮಿಲ್ಕ್‌ವೀಡ್ ಗಿಡದ ಹತ್ತಿ ಒಳ್ಳೆಯದು. ನಮ್ಮ ಎಕ್ಕದ ಕುಟುಂಬಕ್ಕೇ ಸೇರಿದ ಗಿಡವದು, ಕಾಯಿ ಒಡೆದರೆ ಅದೇ ರೇಷ್ಮೆಯಂಥ ಎಳೆಗಳು. ಒಂದೆಳೆ ಬಿಟ್ಟರೆ ಐವತ್ತು ಗಜದವರೆಗೂ ಕಣ್ಣಿಗೆ ಕಾಣುತ್ತ ತೇಲುತ್ತದೆ, ಎಲ್ಲಿ ಸುತ್ತಿ ವಾಪಸಾಗುತ್ತದೆ ಎಂಬುದನ್ನೂ ತೋರಿಸುತ್ತದೆ. ಗಾಳಿ ತಿರುಗಿದ ಏಳು ಸಂಜೆಗಳು ನಾನು ಕೂರದೆ ಮನೆಗೆ ಮರಳಿದೆ.

ಅಭ್ಯಾಸವನ್ನೂ ಬದಲಿಸಿದೆ. ಜುಲೈಯಿಂದ ದಿನವೂ ಬೆಳಗ್ಗೆ ಕಾಫಿಗೆ ಮೊದಲು, ಮೈ ಬಿಸಿಯಾಗದೆ, ಅದೇ ಗಿಡ್ಡ ಮಣೆಯ ಮೇಲೆ ಕುಳಿತು, ಬಿಲ್ಲನ್ನು ಓರೆಯಾಗಿ ಹಿಡಿದು ಒಂದೇ ಒಂದು ಬಾಣ ಬಿಡುತ್ತಿದ್ದೆ. ಕಾಡಿನಲ್ಲಿ ಎರಡನೆಯ ಬಾಣಕ್ಕೆ ಅವಕಾಶ ಸಿಗುವುದು ಅಪರೂಪ. ಆರಿಂಚಿನ ಕಾಗದದ ತಟ್ಟೆಗೆ ಆ ಒಂದು ಬಾಣ ತಪ್ಪದೆ ಬೀಳುತ್ತಿದ್ದುದು ಹದಿನಾಲ್ಕು ಗಜದವರೆಗೆ ಮಾತ್ರ. ಹಾಗಾಗಿ ಹದಿನಾಲ್ಕು ಗಜವೇ ನನ್ನ ಗಡಿಯಾಯಿತು. ಹೆದೆಯ ಸದ್ದು ತಗ್ಗಿಸಲು ಅದಕ್ಕೆ ಉಣ್ಣೆಯ ಕುಚ್ಚು ಕಟ್ಟಿದೆ. ಬಾಣವನ್ನು 530 ಗ್ರೇನಿಗೆ, ಅಂದರೆ ಸುಮಾರು 34 ಗ್ರಾಮಿಗೆ, ಭಾರ ಮಾಡಿದೆ; ಭಾರದ ಬಾಣ ನಿಧಾನವಾದರೂ ಬಿಲ್ಲು ಮೆತ್ತಗೆ ಸದ್ದು ಮಾಡುತ್ತದೆ, ನಾಟಿದ ಮೇಲೆ ಒಳಹೊಗುವ ಕಸುವೂ ಹೆಚ್ಚು. ಎರಡಲಗಿನ ಮೊನೆಯನ್ನು ಮುಂಗೈಯ ಕೂದಲು ಹೆರೆಯುವಷ್ಟು ಮಸೆದೆ. ಕಡಿಮೆ ಭಾರದ ಬಿಲ್ಲಿನಲ್ಲಿ ಕೆಲಸ ಮಾಡುವುದು ವೇಗಕ್ಕಿಂತ ಹೆಚ್ಚಾಗಿ ಅಲಗು.

ಅಕ್ಟೋಬರಿನ ಎರಡನೆಯ ವಾರದ ಒಂದು ಸಂಜೆ, ಗಾಳಿ ನಿಂತಂತಾಗಿ ಕೆಳಕ್ಕೆ ಹರಿಯತೊಡಗಿದ ಹೊತ್ತಿಗೆ, ಮೇಲಿನಿಂದ ತರಗೆಲೆಯ ಸದ್ದು ಕೇಳಿತು. ಅಳಿಲಿನ ಸದ್ದು ಕುಪ್ಪಳಿಸಿ ನಿಲ್ಲುತ್ತದೆ. ಇದು ಹೆಜ್ಜೆ, ಹೆಜ್ಜೆ, ಮೌನ, ಮತ್ತೆ ಹೆಜ್ಜೆ. ಎರಡು ಹೆಣ್ಣುಗಳು, ಮರಿಗಳಿರಲಿಲ್ಲ. ಮುಂದಿನದು ಸುಳುವಾಗಿ ದಾಟಿ ಓಕಿನ ಕಾಯಿ ಕಟಕಟ ಅಗಿಯುತ್ತ ನಿಂತಿತು, ಅದರ ಕಣ್ಣು ನನ್ನ ಕಡೆಗೇ ಇತ್ತು. ಆದ್ದರಿಂದ ಹಿಂದಿನದು ಜೋಡಿ ಬೊಡ್ಡೆಯ ಮರೆಗೆ ಬಂದರೂ ನಾನು ಎಳೆಯಲಿಲ್ಲ. ಒಂದು ಜಿಂಕೆಯ ಕಣ್ಣಿಗೆ ಲೆಕ್ಕ ಹಾಕಿದ್ದೆನೇ ಹೊರತು ಎರಡರ ಕಣ್ಣಿಗಲ್ಲ! ಹಿಂದಿನದು ಬೊಡ್ಡೆಯ ಹಿಂದೆಯೇ ನಿಂತು ಮೇಯತೊಡಗಿತು. ನಾಲ್ಕು ನಿಮಿಷವೋ ಐದೋ ಕಳೆದಿರಬೇಕು, ಬಿಲ್ಲು ಹಿಡಿದ ಕೈ ಜೋಮು ಹಿಡಿಯಿತು. ಕೊನೆಗೆ ಮುಂದಿನದು ಬೇರೆ ಮರದ ಕಡೆಗೆ ತಿರುಗಿ ತಲೆ ತಗ್ಗಿಸಿದ ಕ್ಷಣ ಎಳೆದೆ. ಹೆಬ್ಬೆರಳಿನ ಬುಡ ದವಡೆಗೆ ತಾಗಿತು. ಬೊಡ್ಡೆಯ ಆಚೆಯಿಂದ ಮೂತಿ, ಕುತ್ತಿಗೆ, ಮುಂಗಾಲು ಹೊರಬಂದವು. ಮುಂಗಾಲು ಮುಂದಕ್ಕೆ ಚಾಚಿದಾಗ ಭುಜದ ಹಿಂದೆ ಒಂದು ಮಡಿಕೆ ಕಾಣುತ್ತದೆ, ನಾನು ನೋಡಿದ್ದು ಅದನ್ನೊಂದೇ. ಬಾಣ ಬಿಟ್ಟದ್ದು ನನಗೆ ನೆನಪಿಲ್ಲ. ಬಿಳಿ ಗರಿಗಳು ಆ ಮಡಿಕೆಯಲ್ಲಿ ಮಾಯವಾದದ್ದು ನೆನಪಿದೆ.

ಈ ಸಲ ಗಡಿಯಾರ ನೋಡಿಕೊಂಡು ನಲವತ್ತು ನಿಮಿಷ ಕುಳಿತೆ. ಆಚೆ ಮಣ್ಣಿನಲ್ಲಿ ಚುಚ್ಚಿಕೊಂಡಿದ್ದ ಬಾಣದ ಮೇಲೆ ತಿಳಿಗೆಂಪಿನ, ನೊರೆ ಬೆರೆತ ರಕ್ತವಿತ್ತು. ಅದು ಶ್ವಾಸಕೋಶದ ಗುರುತು. ನೆಲದಿಂದ ಬಿಟ್ಟ ಬಾಣ ಮಟ್ಟಸವಾಗಿ ಎರಡೂ ಪಕ್ಕ ತೂರುವುದರಿಂದ ಜಾಡು ಧಾರಾಳವಾಗಿತ್ತು, ಟಾರ್ಚಿನ ಬೆಳಕಿನಲ್ಲಿ ಬಗ್ಗದೆಯೇ ನಡೆದೆ. ಎಪ್ಪತ್ತು ಹೆಜ್ಜೆಗೆ ಜಿಂಕೆ ಬಿದ್ದಿತ್ತು. ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕುಳಿತೆ, ಹಿಂದಿನ ವರ್ಷದ ಗಂಡು ನೆನಪಾಯಿತು. ಕರುಳು ತೆಗೆದು, ಹಗ್ಗ ಕಟ್ಟಿ ರಸ್ತೆಗೆ ಎಳೆದು ತರುವಷ್ಟರಲ್ಲಿ ರಾತ್ರಿ ಹತ್ತೂವರೆಯಾಗಿತ್ತು.

ಮರುದಿನ ಸಂಜೆ ಐದರೊಳಗೆ ಬೇಟೆಯನ್ನು ನೋಂದಾಯಿಸಬೇಕೆಂಬ ನಿಯಮವಿದೆ, ಅದು ಫೋನಿನಲ್ಲಿಯೇ ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು ರೋಗದ ಪರೀಕ್ಷೆ. ಜಿಂಕೆಗಳ ಮಿದುಳನ್ನು ಕ್ಷಯಿಸುವ, ಮದ್ದಿಲ್ಲದ ಕಾಯಿಲೆಯೊಂದು 2002ರಲ್ಲಿ ಈ ಭಾಗದಲ್ಲಿ ಪತ್ತೆಯಾದಂದಿನಿಂದ ಹರಡುತ್ತಲೇ ಇದೆ. ತಲೆಯನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಪೆಟ್ಟಿಗೆಗೆ ಹಾಕಿದರೆ ಉಚಿತವಾಗಿ ಪರೀಕ್ಷಿಸುತ್ತಾರೆ. ಸೋಂಕಿದೆಯೆಂದಾದರೆ ಮಾಂಸ ತಿನ್ನಬಾರದೆಂಬುದು ಸಲಹೆ. ಹನ್ನೆರಡು ದಿನ ಮಾಂಸವನ್ನು ಫ್ರೀಜರಿನಲ್ಲಿಟ್ಟು ಕಾದೆವು. ಸೋಂಕಿಲ್ಲವೆಂದು ಬಂದ ದಿನ ಹೆಂಡತಿ ಕಾಳುಮೆಣಸು ಅರೆದು ಸಾರು ಮಾಡಿದಳು, ಜೊತೆಗೆ ಕಡುಬು.

ಊಟ ಮುಗಿಸಿ ಊರಿಗೆ ಫೋನು ಮಾಡಿದೆ. ಅಪ್ಪಯ್ಯ ಎಲ್ಲವನ್ನೂ ಕೇಳಿಸಿಕೊಂಡು, "ಎಷ್ಟು ಮಾರು ದೂರ ಇತ್ತೋ?" ಎಂದರು. ಹನ್ನೆರಡು ಗಜವನ್ನು ಮನಸ್ಸಿನಲ್ಲಿಯೇ ಅರ್ಧ ಮಾಡಿ, ಆರು ಮಾರು ಎಂದೆ. ಅತ್ತ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

"ಆರು ಮಾರಿಗೆ ಬಂದದ್ದು ನಿನ್ನನ್ನು ನೋಡಲಿಲ್ಲವಾ?" ಎಂದರು.