ಗೊಜ್ಜು ತುಂಬಿದ ಒನಿಗಿರಿ, ಮಧ್ಯಾಹ್ನದವರೆಗೂ ಮೆತ್ತಗೆ: ನನ್ನ ಅನುಭವ

ಪುಳಿಯೋಗರೆ ಗೊಜ್ಜು ಒಳಗಿಟ್ಟರೆ ಒನಿಗಿರಿ (ಜಪಾನಿನ ಮುಕ್ಕೋನದ ಅನ್ನದುಂಡೆ) ನಿಲ್ಲಲ್ಲ, ಎಣ್ಣೆ ಬಿಟ್ಟು ಒಡೆದುಹೋಗುತ್ತೆ ಅಂತ ಟೋಕಿಯೋದ ನಮ್ಮ ಕನ್ನಡದ ಗೆಳೆಯರೆಲ್ಲ ಹೇಳಿದ್ದರು. ನಿಲ್ಲುತ್ತದೆ. ಬೆಳಗ್ಗೆ ಆರಕ್ಕೆ ಕಟ್ಟಿದ್ದನ್ನು ಮಧ್ಯಾಹ್ನ ಬಿಚ್ಚಿದರೆ ಮೂರು ಮೂಲೆಯೂ ನೆಟ್ಟಗಿರುತ್ತವೆ, ಬಾಯಿಗಿಟ್ಟರೆ ಅನ್ನ ಅಗುಳಗುಳಾಗಿ ಬಿಡುತ್ತದೆ.

ನನ್ನ ಅಳತೆ ಎರಡು ಗೋ, ಅಂದರೆ ಸುಮಾರು 300 ಗ್ರಾಂ ಕೋಶಿಹಿಕಾರಿ, ಜಪಾನಿನ ಅಂಟುವ ಗಿಡ್ಡ ಅಕ್ಕಿ. ನೀರು 400 ಎಂಎಲ್‌ಗೆ ಸ್ವಲ್ಪ ಹೆಚ್ಚು. ಹೊಸ ಅಕ್ಕಿಯಾದರೆ ಒಂದೆರಡು ಚಮಚ ಕಡಿಮೆ. ಮೊದಲ ಅಕ್ಕಚ್ಚನ್ನು ತಕ್ಷಣ ಚೆಲ್ಲಿಬಿಡಬೇಕು, ಅಕ್ಕಿ ಅದನ್ನೇ ಕುಡಿದರೆ ತೌಡಿನ ವಾಸನೆ ಉಳಿಯುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಗಾಲದಲ್ಲಿ ಒಂದು ಗಂಟೆ ನೆನೆಸುತ್ತೇನೆ. ಇದನ್ನು ಬಿಟ್ಟಾಗಲೆಲ್ಲ ಅಗುಳಿನ ನಡುವೆ ಗಟ್ಟಿ ಉಳಿದು ಉಂಡೆ ಬಿರುಕು ಬಿಟ್ಟಿದೆ. ಬೆಂದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬಾರದು.

ಬೆಂದ ಅನ್ನ ಸುಮಾರು 660 ಗ್ರಾಂ ಆಗುತ್ತದೆ, 110 ಗ್ರಾಂನಂತೆ ಆರು. ಅಗಲ ತಟ್ಟೆಗೆ ಹಾಕಿ, ಒಂದು ಟೀ ಚಮಚ ಉಪ್ಪು ಉದುರಿಸಿ, ಸೌಟಿನ ಅಂಚಿನಿಂದ ಕತ್ತರಿಸುವ ಹಾಗೆ ಬೆರೆಸಬೇಕು. ಕೈಗೆ ಉಪ್ಪುನೀರು ಹಚ್ಚಿಕೊಳ್ಳುವ ಹಳೆಯ ಕ್ರಮದಲ್ಲಿ ಹೊರಗೆ ಉಪ್ಪು, ಒಳಗೆ ಸಪ್ಪೆ. ಮೇಲಾಗಿ ಡಬ್ಬಿಗೆ ಕಟ್ಟುವುದಾದರೆ ಬರಿಗೈ ತಾಗಿಸಬಾರದು. ನಾನು ಪ್ಲಾಸ್ಟಿಕ್ ಹಾಳೆಯಲ್ಲೇ ಕಟ್ಟುತ್ತೇನೆ.

ನನ್ನ ಮೊದಲ ನಲವತ್ತು ಐವತ್ತು ಒನಿಗಿರಿ ಕೆಟ್ಟದ್ದು ಒತ್ತಿದ್ದರಿಂದ. ಕೈಗೆ ರಾಗಿಮುದ್ದೆಯ ರೂಢಿ ಇದ್ದರೆ ಬೆರಳು ತಾನಾಗಿ ಅದುಮುತ್ತದೆ. ಅದುಮಿದರೆ ಅಗುಳು ನಜ್ಜಾಗಿ ಅಂಟಾಗುತ್ತದೆ, ಆರಿದ ಮೇಲೆ ರಬ್ಬರು. ಈಗ ಒಂದು ಅಂಗೈ ತಳಕ್ಕೆ, ಇನ್ನೊಂದು ಕೈ ಮೂಲೆಗೆ ಛಾವಣಿಯ ಹಾಗೆ ಕೊಟ್ಟು ಮೂರೇ ಮೂರು ಸಲ ತಿರುಗಿಸುತ್ತೇನೆ. ಅನ್ನ ಕೈ ತಾಳುವಷ್ಟು ಬಿಸಿ ಇರಲೇಬೇಕು. ತಣ್ಣಗಾದದ್ದು ಕೂಡಿಕೊಳ್ಳುವುದಿಲ್ಲ, ಆಗ ಒತ್ತದೆ ಗತಿಯಿಲ್ಲ.

ಗೊಜ್ಜಿನ ವಿಷಯ. ಒಂದಕ್ಕೆ ಒಂದು ಟೀ ಚಮಚ ಸಾಕು. ಮೇಲೆ ತೇಲುವ ಎಣ್ಣೆ ಬಸಿದು, ಹುರಿದ ಎಳ್ಳಿನ ಪುಡಿ ಸೇರಿಸಿ ಗಟ್ಟಿ ಗೋಲಿ ಮಾಡಿ ನಡುವೆ ಇಡಬೇಕು. ಅಂಚಿಗೆ ಬಂದರೆ ಅಲ್ಲೇ ಒಡೆಯುತ್ತದೆ. ಎಳ್ಳಿನ ಜೊತೆ ಇನ್ನೊಂದು ಪುಡಿಯನ್ನೂ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಗೊಜ್ಜಿನ ಬದಲು ಉಮೆಬೋಶಿ (ಉಪ್ಪಲ್ಲಿ ಹಾಕಿದ ಹುಳಿ ಹಣ್ಣು) ಇಡುವ ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿ ಓದಿ: ಕೆಲವಕ್ಕೆ ಕತ್ಸುವೊಬುಶಿ ಮೀನಿನ ಚೂರು ಸೇರಿಸಿರುತ್ತಾರೆ. ಸೋಯಾ ಸಾಸಿನಲ್ಲಿ ಬೇಯಿಸಿದ ಕಡಲಪಾಚಿ, ಕೊಂಬು ತ್ಸುಕುದಾನಿಯಲ್ಲೂ ಮೀನಿನ ಸಾರ ಇರುವುದುಂಟು.

ಸೋನಾ ಮಸೂರಿಯಲ್ಲೂ ನೋಡಿದೆ. ನೀರು ಹೆಚ್ಚಿಟ್ಟು ಬೇಯಿಸಿದರೆ ಬಿಸಿಯಲ್ಲಿ ಉಂಡೆಯಾಗುತ್ತದೆ, ಆರಿದರೆ ಪುಡಿಪುಡಿ. ಅಂಟದ ಬಗೆಯ ಪಿಷ್ಟ, ಅಮೈಲೋಸ್, ಜಾಸ್ತಿ, ಅಷ್ಟೇ. ಕಾಲು ಭಾಗ ಮೋಚಿಗೋಮೆ (ಜಪಾನಿನ ಅಂಟಕ್ಕಿ) ಬೆರೆಸಿದಾಗ ಆಕಾರ ನಿಂತಿತು, ಆದರೆ ಎರಡು ಅಕ್ಕಿಯೂ ಬೇರೆ ಬೇರೆ ಹದಕ್ಕೆ ಬೆಂದವು. ಅಕ್ಕಿರೊಟ್ಟಿಯ ಹಿಟ್ಟಿಗೆ ಆ ಅನ್ನ ಕಲಸಿದ್ದು ಮಾತ್ರ ಬಹಳ ಚೆನ್ನಾಗಿ ಬಂತು.

2025ರಲ್ಲಿ ಐದು ಕಿಲೋ ಅಕ್ಕಿ 4,000 ಯೆನ್ ದಾಟಿದ ಮೇಲೂ ಲೆಕ್ಕ ನಮ್ಮ ಪರವಾಗಿಯೇ ಇತ್ತು. 50 ಗ್ರಾಂ ಅಕ್ಕಿಗೆ 40 ಚಿಲ್ಲರೆ, ಹೊರಗೆ ಸುತ್ತುವ ನೋರಿ (ಒಣಗಿಸಿದ ಕಡಲಪಾಚಿ) ಹಾಳೆಯ ಮೂರನೇ ಒಂದು ಭಾಗಕ್ಕೆ 15, ಹೂರಣಕ್ಕೆ 20. ಎಲ್ಲ ಸೇರಿ 80 ಯೆನ್ ಒಳಗೆ. ಕೊಂಬಿನಿಯಲ್ಲಿ, ಅಂದರೆ ಇಲ್ಲಿನ ದಿನವಿಡೀ ತೆರೆದಿರುವ ಸಣ್ಣ ಅಂಗಡಿಯಲ್ಲಿ, ಆಗ ಒಂದಕ್ಕೆ 170ರ ಆಸುಪಾಸು. ನೋರಿಯಲ್ಲಿ ಮಾತ್ರ ಜಿಪುಣತನ ಬೇಡ, ಅಗ್ಗದ್ದು ಚರ್ಮದ ಹಾಗೆ ಜಗ್ಗುತ್ತದೆ. ಬೇರೆ ಕಟ್ಟಿಕೊಂಡು ಹೋಗಿ, ತಿನ್ನುವಾಗ ಸುತ್ತಿ, ಹೊಳೆಯುವ ಮೈ ಹೊರಗೆ.

ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಬಿಗಿದುಕೊಂಡು ಕಲ್ಲಾಗುತ್ತದೆ. ಹಬೆ ಹೋದ ಕೂಡಲೇ ಸುತ್ತಿ ನೇರ ಫ್ರೀಜರಿಗೆ ಹಾಕಿ. 600 ವಾಟ್ ಮೈಕ್ರೋವೇವಿನಲ್ಲಿ ಎರಡು ನಿಮಿಷ, ಬೆಳಗಿನ ಅನ್ನವೇ.