ಯಜಮಾನರು ಊರಲ್ಲಿಲ್ಲದ ರಾತ್ರಿ ಮಗುವಿನ ಜೊತೆ ನೆಮ್ಮದಿಯಾಗಿ ಮಲಗುವುದು ಹೇಗೆ?

ನಮ್ಮ ಮನೆಯವರು ರೈಲು ಓಡಿಸುತ್ತಾರೆ. ನಾವಿರುವುದು ಹುಬ್ಬಳ್ಳಿಯಲ್ಲಿ. ಡ್ಯೂಟಿ ಕರೆ ರಾತ್ರಿ ಒಂದಕ್ಕೂ ಬರುತ್ತದೆ, ಬೆಳಗಿನ ಜಾವ ನಾಲ್ಕಕ್ಕೂ ಬರುತ್ತದೆ. ಹೋದವರು ಬೇರೆ ಊರಿನಲ್ಲಿ ರೈಲು ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಮಲಗೆದ್ದು, ಇನ್ನೊಂದು ಗಾಡಿ ಹಿಡಿದು ವಾಪಸ್ ಬರುವಷ್ಟರಲ್ಲಿ ಎರಡು ದಿನವಾದರೂ ಆಯಿತು. ಗಾಡಿ ಓಡಿಸುವಾಗ ಅವರು ಮೊಬೈಲ್ ಮುಟ್ಟುವಂತಿಲ್ಲ. ನನಗೆ ಭಯವಾದಾಗ ಯಾರ ದನಿ ಕೇಳಬೇಕು ಅನಿಸುತ್ತದೋ ಅವರಿಗೇ ಫೋನ್ ಹೋಗುವುದಿಲ್ಲ. ಮಗ ಹುಟ್ಟಿದಾಗಿನಿಂದ ಏಳು ವರ್ಷ ಹೀಗೇ ಕಳೆದಿದೆ.

ಈ ಏಳು ವರ್ಷದಲ್ಲಿ ನೆರೆಹೊರೆಯವರು, ಗಂಡ ಸೈನ್ಯದಲ್ಲೋ ದುಬೈಯಲ್ಲೋ ಇರುವ ಗೆಳತಿಯರು ಮಾಡಿಕೊಂಡ ಏರ್ಪಾಡುಗಳನ್ನೂ ನೋಡಿದ್ದೇನೆ. ಬಹಳ ಜನ ಒಂದೇ ತಪ್ಪು ಮಾಡುತ್ತಾರೆ. ಯಾರೂ ಒಳಗೆ ಬರಬಾರದು ಎಂದಷ್ಟೇ ಯೋಚಿಸುತ್ತಾರೆ. ನಾವೇ ಹೊರಗೆ ಓಡಬೇಕಾಗಿ ಬಂದರೆ? ನಮ್ಮ ಓಣಿಯಲ್ಲೇ ಒಬ್ಬರು ಗ್ರಿಲ್ ಗೇಟಿಗೆ ಒಳಗಿನಿಂದ ದಪ್ಪ ಬೀಗ ಜಡಿದು, ಕೀಲಿಯನ್ನು ದಿನಕ್ಕೊಂದು ಕಡೆ ಬಚ್ಚಿಡುತ್ತಿದ್ದರು. ಒಂದು ರಾತ್ರಿ ಮಗಳಿಗೆ ಉಬ್ಬಸ ಜೋರಾಯಿತು. ಆಟೋ ಬಂದು ನಿಂತಿದೆ, ಕೀಲಿ ಸಿಗುತ್ತಿಲ್ಲ. ಕೊನೆಗೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಗ್ರಿಲ್ ಹಿಡಿದುಕೊಂಡು ಅವರು ಅತ್ತಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮನೆಯ ಸದ್ದುಗಳ ಗುರುತು ಮಾಡಿಕೊಳ್ಳಿ

ಇದನ್ನು ಯಜಮಾನರು ಮನೆಯಲ್ಲಿರುವಾಗಲೇ ಮಾಡಿ. ರಾತ್ರಿ ಹನ್ನೊಂದರ ಮೇಲೆ ಟಿವಿ, ಫ್ಯಾನ್ ಎಲ್ಲ ಆರಿಸಿ ಅರ್ಧ ಗಂಟೆ ಇಬ್ಬರೂ ಸುಮ್ನೆ ಕುಳಿತು ಕೇಳಿ. ಫ್ರಿಜ್ ನಿಲ್ಲುವಾಗ ಗಡಗಡ ಅನ್ನುತ್ತದೆ. ತಗಡಿನ ಶೀಟು ಬಿಸಿಲಿಗೆ ಕಾದು ರಾತ್ರಿ ತಣಿಯುವಾಗ ಟಕ್ ಟಕ್ ಅನ್ನುತ್ತದೆ. ಟ್ಯಾಂಕಿಗೆ ನೀರು ಬೀಳುವುದು, ಬೆಕ್ಕು ಕಾಂಪೌಂಡಿನಿಂದ ಧುಮುಕುವುದು, ಮೇಲಿನ ಮನೆಯವರು ಮಂಚ ಎಳೆಯುವುದು, ಯಾವ ಸದ್ದು ಎಲ್ಲಿಂದ ಬಂತು ಎಂದು ಎದ್ದು ಹೋಗಿ ನೋಡಿ. ಒಬ್ಬರೇ ಇರುವಾಗ ಅದೇ ಸದ್ದು ಬಂದರೆ 'ಓ, ಶೀಟು' ಅಂದುಕೊಂಡು ಮಗ್ಗುಲು ಬದಲಿಸಬಹುದು. ಗುರುತಿಲ್ಲದ ಸದ್ದು ಬಂದಾಗ ಅದೂ ಬೇಗ ಗೊತ್ತಾಗುತ್ತದೆ.

ಹಂತ 2: ಬಾಗಿಲು

ಇದಕ್ಕೆ ಒಂದು ಇಡೀ ಭಾನುವಾರ ಇಟ್ಟುಕೊಳ್ಳಿ. ಜನ ಹಣ ಹಾಳು ಮಾಡಿಕೊಳ್ಳುವುದು ಇಲ್ಲೇ.

ಬೀಗ ನೋಡುವ ಮೊದಲು ಚೌಕಟ್ಟು ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದ ಕಡೆ ತುದಿಯಿಂದ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ ಎಂದರ್ಥ. ಅಂಥ ಚೌಕಟ್ಟಿಗೆ ಎಷ್ಟು ದುಬಾರಿ ಬೀಗ ಹಾಕಿದರೂ ಪ್ರಯೋಜನವಿಲ್ಲ. ಬೆರಳಚ್ಚಿನಿಂದ ತೆಗೆಯುವ ಬೀಗವನ್ನು ಇಂಥ ಚೌಕಟ್ಟಿಗೇ ಕೂರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಮೇಲೆ ಸ್ಕ್ರೂ. ಬೋಲ್ಟು ಬಂದು ಕೂರುವ ಪಟ್ಟಿಯ ಒಂದು ಸ್ಕ್ರೂ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಹೆಚ್ಚಿನ ಮನೆಗಳಲ್ಲಿ ಅರ್ಧ ಇಂಚಿನದು ಇರುತ್ತದೆ. ಬಾಗಿಲಿಗೆ ಜೋರಾಗಿ ಭುಜ ಕೊಟ್ಟರೆ ಬೋಲ್ಟು ಮುರಿಯುವುದಿಲ್ಲ, ಈ ಸ್ಕ್ರೂ ಕಿತ್ತು ಬರುತ್ತದೆ. ಅದನ್ನು ತೆಗೆದು ಎರಡು ಇಂಚಿನದು ಹಾಕಿಸಿ. ಕೀಲುಗಳಿಗೂ ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆ ತಗಲುವ ಖರ್ಚು ತೀರಾ ಕಡಿಮೆ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಎಂದರೆ ಇದನ್ನೇ ಮಾಡಿ. ಕಬ್ಬಿಣದ ಚೌಕಟ್ಟಾದರೆ ಸ್ಕ್ರೂ ಮಾತಿಲ್ಲ, ವೆಲ್ಡಿಂಗ್‌ನವರನ್ನೇ ಕರೆಸಬೇಕು.

ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬುತ್ತದೆ. ಮೇಲಿನ ಬೋಲ್ಟು ತೂತಿಗೆ ಕೂರುವುದಿಲ್ಲ. 'ಕೆಳಗಿನದು ಇದೆಯಲ್ಲಾ' ಎಂದು ಮೇಲಿನದನ್ನು ನಾಲ್ಕು ತಿಂಗಳು ಹಾಕದೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಡಗಿಯನ್ನು ಕರೆಸಿ ಅಂಚನ್ನು ಒಂದು ಎಳೆ ಕೀಸಿಸಿ. ಅರ್ಧ ಗಂಟೆಯ ಕೆಲಸ.

ಬಾಗಿಲ ಹೊರಗೆ ಆಲ್ಡ್ರಾಪ್, ಅಂದರೆ ಎಳೆದು ಬೀಗ ಹಾಕುವ ಉದ್ದನೆಯ ಚಿಲಕ, ಇದೆಯಾ? ಇದ್ದರೆ ಯಾರು ಬೇಕಾದರೂ ನಿಮ್ಮನ್ನು ಹೊರಗಿನಿಂದ ಕೂಡಿಹಾಕಬಹುದು. ಅದನ್ನು ಬಿಚ್ಚಿಸಿ, ಹೊರಗೆ ಕೀಲಿ, ಒಳಗೆ ಕೈಯಲ್ಲೇ ತಿರುವಿ ತೆಗೆಯುವ ಬೀಗ ಹಾಕಿಸಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಖರ್ಚು ನಮ್ಮದೇ ಎಂದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ.

ಡೋರ್ ಚೈನ್ ಕೊಳ್ಳಬೇಡಿ. ಅದರ ಜೊತೆ ಬರುವ ಪುಟಾಣಿ ಸ್ಕ್ರೂಗಳು ಒಂದೇ ನೂಕಿಗೆ ಈಚೆ ಬರುತ್ತವೆ. ಚೈನ್ ಇದೆ ಎಂಬ ಧೈರ್ಯದಲ್ಲಿ ನಾವು ಬಾಗಿಲು ತೆರೆದುಬಿಟ್ಟಿರುತ್ತೇವೆ. ಅದೇ ಅಪಾಯ. ಗ್ರಿಲ್ ಬಾಗಿಲು ಇದ್ದರೆ ಅದರ ಹಿಂದೆ ನಿಂತು ಮಾತಾಡಿ, ಇಲ್ಲದಿದ್ದರೆ ಕಿಟಕಿಯಿಂದ. ಬಾಗಿಲ ಕಣ್ಣನ್ನು ನಿಮ್ಮ ಎತ್ತರಕ್ಕೆ ಕೂರಿಸಿ. ನಮ್ಮ ಮನೆಯಲ್ಲಿ ಅದು ಯಜಮಾನರ ಎತ್ತರಕ್ಕಿತ್ತು. ನಾನು ಸ್ಟೂಲ್ ಎಳೆದು ಹತ್ತಬೇಕಿತ್ತು. ಬಾಗಿಲ ಪಕ್ಕದ ಕಿಟಕಿಯಿಂದ ಕೈ ತೂರಿಸಿದರೆ ಚಿಲಕ ಸಿಗುತ್ತದಾ ಎಂಬುದನ್ನು ನೀವೇ ಹೊರಗೆ ನಿಂತು ಪರೀಕ್ಷಿಸಿ.

ಇನ್ನು ಕೀಲಿ. ಒಂದೇ ಜಾಗ, ಒಂದೇ ಮೊಳೆ. ಬಾಗಿಲಿನಿಂದ ಎರಡು ಹೆಜ್ಜೆಯೊಳಗೆ, ನಿಮ್ಮ ಭುಜದ ಎತ್ತರಕ್ಕೆ, ಕಿಟಕಿಯಿಂದ ಕಾಣದ ಗೋಡೆಯ ಮೇಲೆ. ಮನೆಗೆ ಬಂದ ಅತ್ತೆಯೋ ಅಮ್ಮನೋ ಅದನ್ನು ಎತ್ತಿ ದೇವರ ಮನೆಯಲ್ಲಿ ಇಟ್ಟರೆ ಪ್ರೀತಿಯಿಂದಲೇ ವಾಪಸ್ ತಂದು ಮೊಳೆಗೆ ಹಾಕಿ. ಜಾಗ ಗೊತ್ತು ಮಾಡಿದ ಮೇಲೆ ರಾತ್ರಿ ಎಲ್ಲ ಲೈಟ್ ಆರಿಸಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಒಂದೇ ಕೈಯಲ್ಲಿ ಬಾಗಿಲು, ಗ್ರಿಲ್ ಎರಡನ್ನೂ ತೆರೆದು ಹೊರಗೆ ಬನ್ನಿ. ಮನಸ್ಸಿನಲ್ಲೇ ಎಣಿಸಿ. ನನಗೆ ಮೊದಲ ಸಲ 70 ಎಣಿಸುವಷ್ಟು ಹೊತ್ತಾಯಿತು. ಬೀಗಕ್ಕೆ ಎಣ್ಣೆ ಬಿಟ್ಟೆ, ಕೀಲಿಗೆ ಕೆಂಪು ದಾರ ಕಟ್ಟಿದೆ, ಗೊಂಚಲಿನ ಬೇಡದ ಕೀಲಿ ತೆಗೆದೆ. ಈಗ 20ರೊಳಗೆ ಹೊರಗಿರುತ್ತೇನೆ. ನನ್ನ ಅರ್ಧ ಭಯ ಹೋಗಿದ್ದು ಅವತ್ತೇ.

ಬಚ್ಚಲಿನ ಒಳಚಿಲಕ ಮಗುವಿನ ಕೈಗೆ ಎಟುಕದ ಹಾಗೆ ಮೇಲಕ್ಕೆ ಹಾಕಿಸಿ.

ಕ್ಯಾಮೆರಾ ಇವೆಲ್ಲ ಮುಗಿದ ಮೇಲೆ, ಬೇಕಿದ್ದರೆ ಮಾತ್ರ. ಹಾಕಿಸಿದರೆ ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಅವತ್ತೇ ಬದಲಿಸಿ. ಮಲಗುವ ಕೋಣೆಗೆ ಖಂಡಿತ ಬೇಡ.

ಹಂತ 3: ಒಬ್ಬರನ್ನು ಬಾಯಿಬಿಟ್ಟು ಕೇಳಿ

'ಸ್ವಲ್ಪ ನಮ್ಮನೆ ಕಡೆ ನೋಡ್ಕೊಳ್ರಿ' ಎಂದು ಎಲ್ಲರಿಗೂ ಹೇಳಿದರೆ ಯಾರಿಗೂ ಹೇಳಿದಂತಲ್ಲ. ನಡೆದು ಬರುವಷ್ಟು ಹತ್ತಿರದ ಒಬ್ಬರನ್ನು ಆರಿಸಿ. ನೇರವಾಗಿ ಕೇಳಿ: 'ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಎತ್ತುತ್ತೀರಾ?' ನನಗೆ ಎದುರು ಮನೆಯ ಅಜ್ಜಿ ಇದ್ದಾರೆ. ಕೇಳಿದಾಗ, 'ನನಗೆ ನಿದ್ದೆ ಎಲ್ಲಿ ಬರ್ತದವ್ವಾ, ಮಾಡು' ಅಂದರು. ಅವರ ಹತ್ತಿರ ನಮ್ಮ ಮನೆಯ ಇನ್ನೊಂದು ಕೀಲಿ ಇದೆ. ನಾನು ಜ್ವರದಲ್ಲಿ ಬಿದ್ದರೆ ಮಗನನ್ನು ನೋಡಲು ಯಾರಾದರೂ ಒಳಗೆ ಬರಬೇಕಲ್ವಾ?

ಯಜಮಾನರು ಹೊರಟ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ವಾಪಸ್ ಬಂದ ಮೇಲೆ ಹಾಕಿ.

ಹಂತ 4: ನಂಬರುಗಳು

112ಕ್ಕೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಯಾವುದು ಬೇಕಾದರೂ ಕೇಳಬಹುದು. ಆಂಬುಲೆನ್ಸ್‌ಗೆ 108 ಸಹ ಇದೆ. ಮಕ್ಕಳ ಸಹಾಯವಾಣಿ 1098. ಗ್ಯಾಸ್ ಸೋರಿದರೆ 1906. ಇವುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಅದರ ಕೆಳಗೆ ನಿಮ್ಮ ವಿಳಾಸ, ಹತ್ತಿರದ ಗುಡಿಯೋ ಶಾಲೆಯೋ ಬರೆಯಿರಿ. ಸ್ವಂತ ವಿಳಾಸ ಯಾರಿಗೆ ಮರೆಯುತ್ತದೆ ಅನ್ನಬೇಡಿ. ಗಾಬರಿಯಲ್ಲಿ ನಾಲಿಗೆ ಏಳುವುದಿಲ್ಲ, ಓದಲು ಆಗುತ್ತದೆ.

ಹಂತ 5: ಗ್ಯಾಸ್

ಮಲಗುವ ಮುನ್ನ ರೆಗ್ಯುಲೇಟರ್ ಆಫ್. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಬಾಗಿಲು ಕಿಟಕಿ ತೆರೆದು ಮಗುವಿನ ಜೊತೆ ಹೊರಗೆ ಬಂದು, ಆಮೇಲೆ ಫೋನ್ ಮಾಡಿ.

ಹಂತ 6: ಮಗುವಿಗೆ ಏನು ಹೇಳಬೇಕು

'ಅಪ್ಪ ಬರೋವರೆಗೂ ನೀನೇ ಮನೆ ಯಜಮಾನ, ಅಮ್ಮನ್ನ ನೋಡ್ಕೋ.' ದೊಡ್ಡವರು ಪ್ರೀತಿಯಿಂದ ಹೇಳುವ ಮಾತು. ನಮ್ಮ ಮನೆಯಲ್ಲೂ ಹೇಳಿದ್ದರು. ಆಗ ಮಗನಿಗೆ ಐದು ವರ್ಷ. ರಾತ್ರಿ ನನಗೆ ಎಚ್ಚರವಾದಾಗ ಹಾಸಿಗೆಯ ಮೇಲೆ ಕುಳಿತಿದ್ದ. 'ನಾನು ಮಲಗಿದರೆ ನಿನ್ನ ಯಾರು ನೋಡ್ಕೊಳ್ತಾರಮ್ಮಾ?' ಅಂದ. ಅವನನ್ನು ಎದೆಗೆ ಅವಚಿಕೊಂಡು, ನೋಡಿಕೊಳ್ಳುವುದು ನನ್ನ ಕೆಲಸ, ಮಲಗುವುದು ನಿನ್ನ ಕೆಲಸ ಎಂದೆ. ಆ ಮಾತನ್ನು ಯಾರಿಗೂ ಹೇಳಲು ಬಿಡಬೇಡಿ.

ಗುಮ್ಮ, ಕಳ್ಳ, ಪೊಲೀಸ್ ಎಂದು ಹೆದರಿಸಿ ಊಟ ಮಾಡಿಸುವುದೂ ಬೇಡ. ನಾವು ಚಿಕ್ಕವರಿದ್ದಾಗ, 1990ರ ದಶಕದಲ್ಲಿ, ಮನೆ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಬಂದು ಹೆಸರು ಹಿಡಿದು ಕರೆಯುವ ಆ ದೆವ್ವದ ಭಯ ನನ್ನನ್ನು ಬಿಡಲು ಎಷ್ಟೋ ವರ್ಷ ಬೇಕಾಯಿತು. ಅಷ್ಟೇ ಅಲ್ಲ, ಪೊಲೀಸರೆಂದರೆ ಅಡಗಿಕೊಳ್ಳುವ ಮಗು, ನಾಳೆ ನಿಜವಾಗಿ ಬೇಕಾದಾಗ ಅವರ ಹತ್ತಿರ ಹೋಗುವುದಿಲ್ಲ.

ಪಾರ್ಸೆಲ್ ತಂದವರು 'ಅಪ್ಪ ಇಲ್ವಾ ಪುಟ್ಟಾ?' ಎಂದರೆ ಮಗುವಿಗೆ ಸುಳ್ಳು ಕಲಿಸಬೇಡಿ. ಸುಳ್ಳನ್ನು ಮಕ್ಕಳು ಕೊನೆತನಕ ನಿಭಾಯಿಸಲಾರರು. 'ಅಮ್ಮನ್ನ ಕರೀತೀನಿ' ಎಂಬ ಒಂದೇ ಮಾತು ಕಲಿಸಿ. ಮುಂದಿನದನ್ನು ನೀವು ಹೇಳಿ.

ಹಂತ 7: ಕೂಗಿ ಹೇಳುವುದು

ಎಲ್ಲ ಬೀಗ ಹಾಕಿ ಮಲಗಿದ ಮೇಲೆ, ಹಿತ್ತಲ ಬಾಗಿಲು ಹಾಕಿದೆನಾ ಇಲ್ಲವಾ ಎಂಬ ಅನುಮಾನ ಬರುತ್ತದಲ್ಲ, ಅದಕ್ಕೆ ಮದ್ದು ನಮ್ಮ ಮನೆಯವರಿಂದ ಕಲಿತದ್ದು. ಇಂಜಿನ್ನಿನಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಇಬ್ಬರೂ ಪ್ರತಿ ಸಿಗ್ನಲ್ ಕಂಡಾಗ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಬೇಕು. ಕಣ್ಣಿಗೆ ಕಂಡಿತು ಎಂದರೆ ಸಾಲದು, ಬಾಯಲ್ಲಿ ಬರಬೇಕು, ಇನ್ನೊಬ್ಬರ ಕಿವಿಗೆ ಬೀಳಬೇಕು.

ನಾವೂ ಹಾಗೇ ಮಾಡುತ್ತೇವೆ. ಒಂಬತ್ತೂವರೆಗೆ ಮಗ ಟಾರ್ಚ್ ಹಿಡಿದು ಮುಂದೆ ಹೋಗುತ್ತಾನೆ. 'ಹಿತ್ತಲ ಬಾಗಿಲು?' ಎಂದು ನಾನು ಕೇಳುತ್ತೇನೆ. ಅವನು ಬೋಲ್ಟು ಮುಟ್ಟಿ ನೋಡಿ 'ಹಾಕಿದೆ!' ಅನ್ನುತ್ತಾನೆ. 'ಗ್ಯಾಸ್?' 'ಆಫ್!' 'ಗ್ರಿಲ್?' 'ಹಾಕಿದೆ!' 'ಕೀಲಿ?' 'ಮೊಳೆ ಮೇಲೆ!' ಕೊನೆಗೆ ಟಾರ್ಚನ್ನು ನನ್ನ ದಿಂಬಿನ ಪಕ್ಕ ಇಟ್ಟು, ಅಪ್ಪ ಈಗ ಯಾವ ಸ್ಟೇಷನ್ ದಾಟಿರಬಹುದು ಎಂದು ಕೇಳುತ್ತಾನೆ. ಲೋಂಡಾ ಇರಬಹುದು ಅನ್ನುತ್ತೇನೆ. ಅಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿರುತ್ತದೆ.